ರುಚಿ ನೋಡದ ಮನೆಯಿಂದ ಒಬ್ಬಳು ಶೆಫ್

ನಮ್ಮ ಮನೆಯ ವಾಷಿಂಗ್ ಮಷೀನು ಕಟಕಟನೆ ಹಲ್ಲು ಕಡಿಯಲು ಶುರುಮಾಡಿತೆಂದರೆ ಅಂದು ಮಂಗಳವಾರ ಎಂದು ತಿಳಿಯಬೇಕು. ಮಂಗಳವಾರ ನನ್ನ ಮಗಳು ಸಿಂಧುವಿಗೆ ವಾರದ ರಜೆ. ಮಂಡ್ಯದಿಂದ ಬೆಳಗಿನ ಬಸ್ಸು ಹಿಡಿದು ಬೆಸಗರಹಳ್ಳಿಗೆ ಬಂದವಳೇ ತನ್ನ ಬಿಳಿ ಕೋಟುಗಳನ್ನೆಲ್ಲ ಮಷೀನಿಗೆ ತುರುಕಿ, ಅಜ್ಜಿಯ ಮಂಚದ ಮೇಲೆ ಅಡ್ಡಡ್ಡ ಬಿದ್ದುಕೊಳ್ಳುತ್ತಾಳೆ. ಆ ಕೋಟಿನ ಎಡತೋಳಿನ ಮೇಲೆ ಪೆನ್ನಿಡಲು ಒಂದು ಕಿರುಜೇಬಿದೆ. ಅದರಲ್ಲಿ ಪೆನ್ನು ಇರುವುದು ಅಪರೂಪ. ಇರುವುದು ಚಮಚ. ಒಂದಲ್ಲ, ಎರಡು.

ಮೊದಲ ಸಲ ಈ ಸದ್ದು ಕೇಳಿದಾಗ ಮಷೀನು ಕೆಟ್ಟಿತೆಂದುಕೊಂಡು ಮದ್ದೂರಿನಿಂದ ರಿಪೇರಿಯವನನ್ನು ಕರೆಸಿದ್ದೆವು. ಅವನು ಹಿಂದಿನ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ನೋಡಿ, ಕೊನೆಗೆ ಡ್ರಮ್ಮಿನೊಳಗೆ ಕೈಹಾಕಿ ಚಮಚ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟ. ಬಂದು ಹೋದ ಬಸ್ಸಿನ ಖರ್ಚು ಮಾತ್ರ ಈಸಿಕೊಂಡ. ಅದೇ ನನಗೆ ಹೆಚ್ಚು ನಾಚಿಕೆ ತಂದಿತು.

ಈಗ ಅವು ಮನೆಯ ತುಂಬ ಸಿಗುತ್ತವೆ. ಕಿಟಕಿಯ ಅಂಚಿನಲ್ಲಿ, ತುಳಸಿಕಟ್ಟೆಯ ಮೇಲೆ, ದಿಂಬಿನ ಕೆಳಗೆ. ನಮ್ಮ ಯಜಮಾನರು ಊರಿನ ಹಾಲಿನ ಸಂಘದಲ್ಲಿ ಕಾರ್ಯದರ್ಶಿ. ಒಮ್ಮೆ ಅವರ ಚೀಲದಲ್ಲೂ ಒಂದು ಚಮಚ ಸಿಕ್ಕಿತಂತೆ. ಹಾಲು ತಂದವರು ಅದನ್ನು ನೋಡಿ, ಸಂಘದವರು ಇನ್ನು ಮೇಲೆ ಪ್ರತಿಯೊಬ್ಬರ ಹಾಲನ್ನೂ ಕುಡಿದೇ ಪರೀಕ್ಷೆ ಮಾಡುತ್ತಾರೆಂದು ಸುದ್ದಿ ಹಬ್ಬಿಸಿದ್ದರು.

ನಿಮಗೆ ಇದೆಲ್ಲ ಒಂದು ಚಮಚದ ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಮನೆಯ ಅಡುಗೆಮನೆಯನ್ನು ಬಲ್ಲವರಿಗೆ ಹಾಗೆ ಅನ್ನಿಸುವುದಿಲ್ಲ. ಏಕೆಂದರೆ ನಮ್ಮದು ರುಚಿ ನೋಡದ ಮನೆ.

ನಾನು ಬಸರಾಳಿನಿಂದ ಈ ಮನೆಗೆ ಸೊಸೆಯಾಗಿ ಬಂದ ಮೂರನೇ ದಿನ ಹುರುಳಿಕಾಳಿನ ಸಾರಿಗೆ ಇಟ್ಟಿದ್ದೆ. ತವರಿನ ಅಭ್ಯಾಸ ನೋಡಿ, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಹಿಂದೆ ನಮ್ಮತ್ತೆ ನಿಂತಿದ್ದರು. ಅವರು ಬೈಯಲಿಲ್ಲ. ಪಾತ್ರೆಯನ್ನು ಇಳಿಸಿ, ಅಷ್ಟೂ ಸಾರನ್ನು ಆಳುಗಳಿಗೆ ಎಂದು ಹೊರಗಿಟ್ಟು, ಬೇರೆ ಪಾತ್ರೆ ಒಲೆಗೇರಿಸಿದರು. ಈ ಮನೆಯಲ್ಲಿ ದಿನವೂ ಮೊದಲ ತುತ್ತು ಗೋಡೆಯ ಗೂಡಿನಲ್ಲಿ ಪಟವಾಗಿರುವ, ತೀರಿಹೋದ ಹಿರಿಯರಿಗೆ ಎಡೆ. ಹಿರಿಯರು ಉಣ್ಣುವ ಮೊದಲು ಸೊಸೆಯ ನಾಲಗೆಗೆ ತಾಕಿದರೆ ಅದು ಎಂಜಲು. ಹಾಗಾದರೆ ಉಪ್ಪು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅವರು ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ನಂಬುತ್ತೀರೋ ಇಲ್ಲವೋ, ಉಪ್ಪಿಗೆ ವಾಸನೆ ಇದೆ. ಉಪ್ಪಿಗೇ ಅಲ್ಲ, ಉಪ್ಪು ಬಿದ್ದ ಸಾರಿನ ಹಬೆಗೆ. ಉಪ್ಪಿಲ್ಲದ ಸಾರು ಕುದಿಯುವಾಗ ಹಬೆ ಹಸಿಹಸಿಯಾಗಿ ಬರುತ್ತದೆ. ಉಪ್ಪು ಬಿದ್ದ ಮೇಲೆ ಅದೇ ಹಬೆ ದುಂಡಗಾಗುತ್ತದೆ. ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಮ್ಮ ಯಜಮಾನರು ಏನು ಉಂಡರೆಂಬುದನ್ನು ಇಲ್ಲಿ ಬರೆಯುವುದು ಬೇಡ. ಆಮೇಲೆ ಮೂವತ್ತು ವರ್ಷ ನನ್ನ ಮೂಗು ತಪ್ಪಿದ್ದಿಲ್ಲ. ಆ ಹೆಮ್ಮೆಯಲ್ಲೇ ನಾನಿದ್ದೆ.

ಸಿಂಧು ಬೆಳೆದದ್ದು ಇಂಥ ಮನೆಯಲ್ಲಿ. ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಅಜ್ಜಿ ಮೊಮ್ಮಗಳಿಬ್ಬರೂ ಮೂಗರಳಿಸಿ ಹಬೆ ಕುಡಿಯುತ್ತ, “ಸಾಲ್ದು”, “ಸಾಕು” ಎಂದು ತೀರ್ಪು ಕೊಡುತ್ತಿದ್ದರು. ಮದ್ದೂರಿನಲ್ಲಿ ಪಿಯುಸಿ ಮುಗಿಸಿದಾಗ ಎಲ್ಲರೂ ನರ್ಸಿಂಗ್ ಅಂದರು, ಟೀಚರ್ ಟ್ರೈನಿಂಗ್ ಅಂದರು. ಅವಳು ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಅಂದಳು. ಮ್ಯಾನೇಜ್‌ಮೆಂಟ್ ಎಂಬ ಮಾತು ಕೇಳಿ, ಕೌಂಟರಿನ ಹಿಂದೆ ಫ್ಯಾನಿನ ಕೆಳಗೆ ಕೂರುವ ಕೆಲಸವಿರಬೇಕೆಂದು ನಾವೂ ಒಪ್ಪಿದೆವು.

ಮೊದಲ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಧ್ಯಾಹ್ನ ಅಳುತ್ತಾ ಫೋನು ಮಾಡಿದಳು. ಟೊಮೆಟೊ ಸೂಪು ಮಾಡಲು ಹೇಳಿದ್ದರಂತೆ. ಮಾಡಿ, ಬಡಿಸಿ, ಕೈಕಟ್ಟಿ ನಿಂತಳಂತೆ. ಮೇಷ್ಟ್ರು ಕುಡಿದು, ಚೆನ್ನಾಗಿದೆ, ಉಪ್ಪು ಸರಿಯಾಗಿದೆ ಎಂದು ತಲೆದೂಗಿ, ಎಷ್ಟು ಸಲ ರುಚಿ ನೋಡಿದೆ ಎಂದು ಕೇಳಿದರಂತೆ. ಇವಳು ನಮ್ಮ ಮನೆಯಲ್ಲಿ ನೋಡುವುದಿಲ್ಲ ಸಾರ್ ಅಂದಳಂತೆ. ಅವರು ಸೊನ್ನೆ ಕೊಟ್ಟರು. ಜೊತೆಗೆ ತಮ್ಮ ಜೇಬಿನಿಂದ ಒಂದು ಚಮಚ ತೆಗೆದು ಕೊಟ್ಟು, ನಿನಗೆ ಗೊತ್ತಿರುವುದು ಬೇರೆ, ನಿನ್ನ ಊಟ ಉಣ್ಣುವವರಿಗೆ ನೀನು ಉತ್ತರ ಕೊಡುವುದು ಬೇರೆ ಎಂದು ಹೇಳಿದರಂತೆ.

ನಾನು ತಾಯಿಯಾದವಳು, ಸುಲಭದ ದಾರಿ ಹೇಳಿಕೊಟ್ಟೆ. ಅಲ್ಲಿದ್ದಾಗ ನೋಡು, ಇಲ್ಲಿ ಬಂದಾಗ ನೋಡಬೇಡ. ಅವಳು ಆ ಕಡೆ ಮೂಗೆಳೆದುಕೊಂಡು, “ಆಗಲ್ಲ ಕಣಮ್ಮ. ಒಂದೇ ಕೈ, ಒಂದೇ ನಾಲಗೆ. ಎರಡು ಥರ ಅಡುಗೆ ಮಾಡಕ್ಕಾಗಲ್ಲ” ಎಂದಳು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವಳು ಅಡುಗೆಯವಳಾದದ್ದು ಅದೇ ದಿನ.

ನನಗೊಂದು ಚಟವಿದೆ, ಹೇಳಿಬಿಡುತ್ತೇನೆ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಆಯಾ ದಿನದ ಸಮಾಚಾರ ಬರೆದಿಡುವುದು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದು, ಹಸು ಗಬ್ಬವಾದದ್ದು, ನಲ್ಲಿ ನೀರು ಬರದೇ ಇದ್ದದ್ದು. ವರ್ಷ ಮುಗಿದ ಕ್ಯಾಲೆಂಡರನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಡುತ್ತೇನೆ. ಯಜಮಾನರು ಇದನ್ನು ನಮ್ಮ ಮನೆಯ ಶಾಸನ ಎನ್ನುತ್ತಾರೆ. ಸಿಂಧು ಕೆಲಸಕ್ಕೆ ಸೇರಿದ ವರ್ಷದ ಕ್ಯಾಲೆಂಡರನ್ನು ಮೊನ್ನೆ ಬಿಚ್ಚಿ ನೋಡಿದೆ. ಜೂನ್ ತಿಂಗಳಲ್ಲಿ “ಸಿಂಧು, ಈರುಳ್ಳಿ” ಎಂದಿದೆ, ದಿನವಿಡೀ ಹೆಚ್ಚುವ ಕೆಲಸ. ಜುಲೈನಲ್ಲಿ “ಸಿಂಧು, ಈರುಳ್ಳಿ” ಎಂದಿದೆ. ಆಗಸ್ಟಿನಲ್ಲಿ “ಸಿಂಧು, ಇನ್ನೂ ಈರುಳ್ಳಿ” ಎಂದಿದೆ. ದೀಪಾವಳಿಯ ಹೊತ್ತಿಗೆ “ಮೀನು ಶುದ್ಧ ಮಾಡಲು ಕೊಟ್ಟರು” ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಮುಂದಿನ ವರ್ಷದ ಯುಗಾದಿಯ ಚೌಕದಲ್ಲಿ “ಒಲೆ ಕೊಟ್ಟರು” ಎಂದಿದೆ. ಅದರ ಸುತ್ತ ಒಂದು ಹೂವಿನ ಚಿತ್ರವನ್ನೂ ಬರೆದಿದ್ದೇನೆ.

ಹೋಟೆಲಿನ ಅಡುಗೆಮನೆಯಲ್ಲಿ ಪೊಲೀಸ್ ಇಲಾಖೆಯಲ್ಲಿರುವಂತೆ ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳಿವೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಎಲ್ಲಕ್ಕಿಂತ ಕೆಳಗಿನವರು ಕಮಿ. ಅದರಲ್ಲೇ ಮೂರನೆಯ, ಎರಡನೆಯ, ಮೊದಲನೆಯ ಎಂದು ಮೂರು. ಹೆಸರುಗಳೆಲ್ಲ ಯಾವುದೋ ದೇಶದವು. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅವಳು ಫೋನಿನಲ್ಲಿ ಹುದ್ದೆಯ ಹೆಸರು ಹೇಳುವುದು, ನಾನು ತಪ್ಪಾಗಿ ಬರೆದುಕೊಂಡು ನೆಂಟರಿಗೆ ಇನ್ನೂ ತಪ್ಪಾಗಿ ಹೇಳುವುದು. ಮೈಸೂರಿನಲ್ಲಿ ನಾಲ್ಕು ವರ್ಷ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಮಂಡ್ಯದ ಹೆದ್ದಾರಿಯ ಪಕ್ಕದ ದೊಡ್ಡ ಹೋಟೆಲಿಗೆ ಬಂದಾಗ ಅವಳು ಸೂ ಶೆಫ್ ಆಗಿದ್ದಳು. ಹಾಗೆಂದರೇನು ಎಂದು ನಮ್ಮತ್ತೆ ಕೇಳಿದರು. ಅಡುಗೆಮನೆಗೆಲ್ಲ ಎರಡನೆಯವಳು ಎಂದು ಸಿಂಧು ವಿವರಿಸಿದಳು.

“ಮೊದ್ಲನೆಯೋನು ಯಾವನು?” ಎಂದರು ಅತ್ತೆ.

ಇಷ್ಟೆಲ್ಲ ಆದರೂ ನೆಂಟರ ಬಾಯಲ್ಲಿ ಅವಳು “ಓಟ್ಲಲ್ಲಿ ಅಡ್ಗೆ ಮಾಡೋ ಉಡ್ಗಿ” ಆಗಿಯೇ ಉಳಿದಿದ್ದಳು. ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಕಾಫಿ ಕುಡಿಯುತ್ತಾ ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿದರು. ಅದೇ ಅವಳ ಕೆಲಸ ಎಂದೆ. ಒಂದು ವಾರದ ಮೇಲೆ, ಅಡುಗೆ ಕೆಲಸದ ಹುಡುಗಿ ಬೇಡವೆಂದು ಹೇಳಿ ಕಳಿಸಿದರು. ಸಿಂಧು ನಕ್ಕಳು. ನಾನು ಆ ದಿನದ ಚೌಕದಲ್ಲಿ ಏನೂ ಬರೆಯಲಿಲ್ಲ.

ಹೋದ ವೈಶಾಖದ ಮಾತಿಗೆ ಬರುತ್ತೇನೆ. ನಮ್ಮ ಮೈದುನ ಶಿವಲಿಂಗು ಮಳವಳ್ಳಿಯಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಅವನ ಮಗನಿಗೆ ವೈದ್ಯನಾಥಪುರದಿಂದ ಹೆಣ್ಣು ತಂದರು. ಮದುವೆ ಮುಗಿದ ಮೂರನೇ ದಿನ ಹೆಣ್ಣಿನ ಕಡೆಯ ಬೀಗರಿಗೆ ಗಂಡಿನ ಮನೆಯ ಬಾಡೂಟ, ಅದೇ ಬೀಗರೂಟ. ನಮ್ಮ ಕಡೆಯ ಬೀಗರೂಟವೆಂದರೆ ನಿಮಗೆ ಗೊತ್ತಿರಬೇಕು. ತಾಳಿ ಕಟ್ಟಿದ್ದು ಎಷ್ಟು ಗಂಟೆಗೆ ಎಂದು ಯಾರೂ ನೆನಪಿಡುವುದಿಲ್ಲ. ಬೀಗರೂಟದ ಮುದ್ದೆಯಲ್ಲಿ ಗಂಟಿತ್ತೇ, ಸಾರಿನಲ್ಲಿ ತುಂಡು ಎಷ್ಟು ದೊಡ್ಡದಿತ್ತು, ಈ ಮಾತುಗಳು ಮೂರು ತಲೆಮಾರು ನಡೆಯುತ್ತವೆ. ನನ್ನ ತವರಿನ ಕಡೆ ಒಂದು ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಕೊನೆಯ ಪಂಕ್ತಿಗೆ ಸಾರು ಸಾಲಲಿಲ್ಲ. ಇವತ್ತಿಗೂ ಬಸರಾಳಿನಲ್ಲಿ ಅವರ ಮನೆಗೆ ದಾರಿ ಕೇಳಿದರೆ “ಸಾರು ಸಾಲ್ದೋರ ಮನೆನಾ?” ಎಂದೇ ಕೇಳುತ್ತಾರೆ. ಆ ಸಾರು ಮಾಡಿದವನು ಸತ್ತು ಇಪ್ಪತ್ತು ವರ್ಷವಾಯಿತು.

ಶಿವಲಿಂಗು ಗೊತ್ತುಮಾಡಿದ್ದ ಅಡುಗೆಯವರು ನಮ್ಮ ಕಡೆ ಹೆಸರುವಾಸಿ. ಬೀಗರೂಟಕ್ಕೆ ಎಂಟು ದಿನವಿದೆ ಎನ್ನುವಾಗ ಅವರು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಮದುವೆಯ ಕಾಲ, ಬೇರೆ ಯಾರೂ ಸಿಗಲಿಲ್ಲ. ಆರುನೂರು ಜನದ ಊಟ. ಆಗ ನಮ್ಮ ಯಜಮಾನರು ಫೋನಿನಲ್ಲಿ, ಸಿಂಧು ಮಾಡುತ್ತಾಳೆ ಎಂದುಬಿಟ್ಟರು. ಅವಳನ್ನು ಕೇಳಿರಲೂ ಇಲ್ಲ.

ಶಿವಲಿಂಗು ಅವತ್ತೇ ಮಳವಳ್ಳಿಯಿಂದ ಬಂದ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ. ಅವನು ಕೆಟ್ಟವನಲ್ಲ. ಸಿಂಧುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು. ಆದರೆ ಅವನ ಮಾತು ನಮ್ಮ ಸೀಮೆಯ ಮಾತು, ಸುತ್ತು ಬಳಸು ಇಲ್ಲ.

“ಓಟ್ಲಡ್ಗೆ ಬ್ಯಾರೆ, ಬೀಗರೂಟ ಬ್ಯಾರೆ ಕಣಣ್ಣ. ಅಲ್ಲಿ ತಟ್ಟೆ ಮ್ಯಾಲೆ ಸೊಪ್ಪು ಮಡಗಿ ಸಿಂಗಾರ ಮಾಡ್ತಾರೆ. ಇಲ್ಲಿ ಬೀಗ್ರು ಮೀಸೆ ತೀಡ್ಕೊಂಡು ಕೂತಿರ್ತಾರೆ, ಎಲ್ಲಿ ತಪ್ಪು ಸಿಕ್ಕದು ಅಂತ.”

ಅಂದು ಮಂಗಳವಾರ, ಸಿಂಧು ಬಾಗಿಲಿಗೆ ಒರಗಿ ನಿಂತಿದ್ದಳು. “ಚಿಕ್ಕಪ್ಪ, ನಾನು ಮಾಡ್ತೀನಿ. ತಪ್ಪಾದ್ರೆ ಇನ್ನ ಈ ಸೀಮೆನಲ್ಲಿ ಸೌಟು ಮುಟ್ಟಲ್ಲ” ಎಂದಳು.

ಅವಳು ಆ ಮಾತು ಆಡಬಾರದಿತ್ತು ಎಂದು ನನಗೆ ಅನ್ನಿಸಿತು. ಆದರೆ ಆಡಿಯಾಗಿತ್ತು. ಒಳಗಿನಿಂದ ಅತ್ತೆ ಕೋಲೂರಿಕೊಂಡು ಬಂದರು. ಎಂಬತ್ತೆರಡು ವಯಸ್ಸು, ಆದರೂ ಈ ಮನೆಯಲ್ಲಿ ಕೊನೆಯ ಮಾತು ಅವರದು. ಮಾಡಲಿ ಎಂದರು. ಒಂದೇ ಷರತ್ತು, ಎಡೆಗೆ ಮೊದಲು ಬಾಯಿಗೆ ಇಡುವಂತಿಲ್ಲ.

ಅದಕ್ಕೆ ಸಿಂಧು ಒಪ್ಪಲಿಲ್ಲ. ತಾನು ರುಚಿ ನೋಡದ ಊಟ ಒಂದೇ ಒಂದು ಎಲೆಗೂ ಹೋಗಬಾರದು, ರುಚಿ ನೋಡುವುದೇ ತನ್ನ ಕೆಲಸಕ್ಕೆ ತಾನಿಡುವ ಎಡೆ ಎಂದಳು. ಅಜ್ಜಿ ಮೊಮ್ಮಗಳಿಬ್ಬರದೂ ಒಂದೇ ಗಲ್ಲ, ಒಂದೇ ಹಟ. ನಡುವೆ ನಿಂತು ನಾನೇ ದಾರಿ ಹುಡುಕಿದೆ. ಸಾರು ಇಳಿಯುವ ಹೊತ್ತಿಗೆ ಮೊದಲು ಎಡೆಯ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡುವುದು. ಅದು ಹಿರಿಯರ ಮುಂದೆ ಹೋದ ಮೇಲೆ ಇವಳು ರುಚಿ ನೋಡುವುದು. ಇಬ್ಬರೂ ಗೊಣಗಿಕೊಂಡೇ ಒಪ್ಪಿದರು. ಎರಡು ಕಡೆಯನ್ನೂ ಉಳಿಸಿದೆನೆಂದು ನನಗೆ ನನ್ನ ಬುದ್ಧಿಯ ಮೇಲೆ ಬಹಳ ಮೆಚ್ಚುಗೆಯಾಯಿತು. ಕೆಡಿಸುವವಳು ನಾನೇ ಎಂದು ಆಗ ಗೊತ್ತಿರಲಿಲ್ಲ.

ಬೀಗರೂಟದ ದಿನ ಬೆಳಕು ಹರಿಯುವಾಗಲೇ ಮಳವಳ್ಳಿಯ ಶಿವಲಿಂಗುವಿನ ತೋಟದಲ್ಲಿ ಒಲೆಗಳು ಹತ್ತಿದ್ದವು. ನಾನು ಮಗಳನ್ನು ಕೆಲಸದ ಜಾಗದಲ್ಲಿ ಅದುವರೆಗೆ ನೋಡಿರಲಿಲ್ಲ. ಹೋಟೆಲಿಗೆ ಹೋದಾಗ ನಮ್ಮನ್ನು ಎ.ಸಿ. ಹಾಲಿನಲ್ಲಿ ಕೂರಿಸಿ ಉಪಚಾರ ಮಾಡಿ ಕಳಿಸುತ್ತಿದ್ದಳು. ಈಗ ನೋಡಿದೆ. ತಲೆಗೆ ಬಟ್ಟೆ ಕಟ್ಟಿ, ಅದೇ ಬಿಳಿ ಕೋಟು ತೊಟ್ಟು ನಿಂತಿದ್ದಾಳೆ. ಕೂಗುವುದಿಲ್ಲ. ಮಸಾಲೆ ಅರೆಯುವವರು, ಮಾಂಸ ಹೆಚ್ಚುವವರು, ಮುದ್ದೆ ತಿರುವುವವರು, ಒಟ್ಟು ಹದಿನಾಲ್ಕು ಜನ, ಎಲ್ಲರೂ ಅವಳಿಗಿಂತ ಹಿರಿಯರು. ಒಬ್ಬೊಬ್ಬರ ಹತ್ತಿರವೂ ಹೋಗಿ ಅಣ್ಣ ಎಂದು ಕರೆದು, ಏನು, ಯಾವಾಗ, ಎಷ್ಟು ಎಂದು ಮೂರೇ ಮಾತು ಹೇಳಿ ಮುಂದೆ ಹೋಗುತ್ತಾಳೆ. ಮುದ್ದೆಯ ಹಂಡೆಯ ಬಳಿ ಇದ್ದ ದಪ್ಪ ಮೀಸೆಯವರು ಅವಳನ್ನು ಕೆಣಕಲು ಕೋಲು ಮುಂದೆ ಚಾಚಿ, ತಿರುವುತ್ತೀಯಾ ಎಂದು ಕೇಳಿದರು. “ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ ಅಣ್ಣ. ಅದಕ್ಕೇ ನಿಮ್ಮುನ್ನ ಕರ್ಸಿರೋದು” ಎಂದಳು. ಅವರು ಆಮೇಲೆ ಇಡೀ ದಿನ ಅವಳ ಮಾತು ಮೀರಲಿಲ್ಲ. ಇದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ತಿಳಿಯದು.

ಎರಡು ದೊಡ್ಡ ಕೊಪ್ಪರಿಗೆಗಳಲ್ಲಿ ಮಟನ್ ಸಾರು ಕುದಿಯುತ್ತಿತ್ತು. ಸಿಂಧು ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಎರಡಕ್ಕೂ ಹಾಕಿ, ಕುಷ್ಕಾ, ಎಂದರೆ ತುಂಡಿಲ್ಲದ ಬಿರಿಯಾನಿ ಅನ್ನದ ಕಡೆ ಹೋದಳು. ಒಂದು ಕೊಪ್ಪರಿಗೆಯ ಪಕ್ಕದಲ್ಲಿ ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ನಾನು ಸ್ವಲ್ಪ ಆಚೆ ಹೆಂಗಸರ ಜೊತೆ ಸಲಾಡಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ನೀರು ಕುಡಿಯಲು ಎದ್ದವಳು ಆ ಕೊಪ್ಪರಿಗೆಯ ಪಕ್ಕ ಹಾದುಹೋದೆ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ ನೋಡಿ, ಮೂಗು ತಾನೇ ಅರಳಿತು. ಹಬೆ ಹಸಿಯಾಗಿದೆ ಅನ್ನಿಸಿತು. ಉಪ್ಪು ಸಾಲದು.

ಮಗಳನ್ನು ಕರೆದು ಹೇಳಬಹುದಿತ್ತು. ಹೇಳಿದರೆ ಹದಿನಾಲ್ಕು ಜನರ ಎದುರು ಅವಳ ಉಪ್ಪು ತಪ್ಪಿತೆಂದಾಗುತ್ತದೆ. ತಾಯಿಯಾದವಳು ಸದ್ದಿಲ್ಲದೆ ಸರಿಪಡಿಸಬೇಕು. ಚೀಲದಿಂದ ಎರಡು ಬೊಗಸೆ ಕಲ್ಲುಪ್ಪು ತೆಗೆದು ಹಾಕಿ, ಸೌಟಿನಿಂದ ಒಂದು ಸುತ್ತು ತಿರುವಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮತ್ತೆ ಈರುಳ್ಳಿಗೆ ಕೂತೆ. ಆರು ಜನದ ಪಾತ್ರೆಯ ಮುಂದೆ ಪಳಗಿದ ಮೂಗು ಮುನ್ನೂರು ಜನದ ಕೊಪ್ಪರಿಗೆಯ ಮುಂದೆ ಏನು ತಿಳಿದೀತು? ಅದರ ಮೇಲೆ ಒಂದು ಮಂಕರಿ ಈರುಳ್ಳಿಯ ಘಾಟು ಆ ಮೂಗಿನಲ್ಲೇ ಕೂತಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನಗೆ ಮಗಳ ಮಾನ ಕಾಪಾಡಿದ ಸಮಾಧಾನ.

ಹನ್ನೊಂದು ಗಂಟೆಗೆ ವೈದ್ಯನಾಥಪುರದಿಂದ ಬೀಗರ ಬಸ್ಸು ಹೊರಟಿತೆಂದು ಫೋನು ಬಂತು. ಒಂದು ಗಂಟೆಯ ದಾರಿ. ಸಿಂಧು ಒಪ್ಪಂದದಂತೆ ಎಡೆಯ ಪಾತ್ರೆಗೆ ಅತ್ತೆಯ ಪಕ್ಕದ ಕೊಪ್ಪರಿಗೆಯಿಂದಲೇ ಸಾರು ತೆಗೆದು, ಬಾಳೆಲೆ ಮುಚ್ಚಿ, ಶಿವಲಿಂಗುವಿನ ಕೈಯಲ್ಲಿ ತೋಟದ ಮನೆಯ ದೇವರಕೋಣೆಗೆ ಕಳಿಸಿದಳು. ಎಡೆಯಾಯಿತೆಂದು ಗಂಟೆ ಕೇಳಿಸಿದ ಮೇಲೆ ತೋಳಿನ ಜೇಬಿನಿಂದ ಚಮಚ ತೆಗೆದಳು. ಮೊದಲು ಆಚೆಯ ಕೊಪ್ಪರಿಗೆ. ನೋಡಿ, ಸರಿಯಾಗಿದೆ ಎಂದು ತಲೆ ಆಡಿಸಿದಳು. ಎರಡನೆಯ ಚಮಚದಿಂದ ಅತ್ತೆಯ ಪಕ್ಕದ ಈಚೆಯದು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ಆಗಲಿಲ್ಲ. ಆದರೆ ಚಮಚವನ್ನು ಬಾಯಿಂದ ತೆಗೆಯದೆ ನಿಂತುಬಿಟ್ಟಳು. ಮಗು ಇದ್ದಾಗಿನಿಂದ ಅವಳನ್ನು ಬಲ್ಲೆ, ಅವಳು ಹೆದರಿದಾಗ ಹಾಗೆ ನಿಲ್ಲುತ್ತಾಳೆ.

ಅವಳು ಸುತ್ತ ಇದ್ದವರನ್ನೆಲ್ಲ ಒಂದು ಸಲ ನೋಡಿದಳು. ಯಾರು ಎಂದು ಕೇಳುತ್ತಾಳೆಂದುಕೊಂಡೆ. ಯಾರು ಎಂದು ಕೇಳಲಿಲ್ಲ.

“ಎಷ್ಟು ಹಾಕಿದ್ರಿ?” ಎಂದಳು.

ದೇವರಕೋಣೆಯಿಂದ ವಾಪಸು ಬಂದ ಶಿವಲಿಂಗು ಅಲ್ಲೇ ಕಂಬದ ಹತ್ತಿರ ನಿಂತ. ಸುಮ್ಮನಿದ್ದರೆ ಅಡುಗೆಯವಳ ತಪ್ಪೆಂದಾಗುತ್ತದೆ. ನಾನು ಎದ್ದು ನಿಂತೆ. ಈರುಳ್ಳಿ ಹೆಚ್ಚಿ ಕಣ್ಣಲ್ಲಿ ನೀರು ಮೊದಲೇ ಇತ್ತು, ಅದೊಂದು ಅನುಕೂಲವಾಯಿತು. ಎರಡು ಬೊಗಸೆ ಎಂದೆ.

ಸಿಂಧು ಬೆರಳು ಮಡಿಸಿ ಲೆಕ್ಕ ಹಾಕಿದಳು. ಮತ್ತೆ ಒಂದು ತೊಟ್ಟು ನೋಡಿದಳು. “ಎರಡಕ್ಕೆ ಇಷ್ಟು ಆಗಲ್ವಲ್ಲಮ್ಮ” ಎಂದಳು.

ಆಗ ಪ್ಲಾಸ್ಟಿಕ್ ಕುರ್ಚಿಯಿಂದ ಅತ್ತೆಯ ದನಿ ಬಂತು.

“ನಂದೂ ಎರಡಿಡಿ ಸೇರುಸ್ಕೋ ಕಣವ್ವ. ವಾಸ್ನೆ ಗೊತ್ತಾಯ್ತದೆ ಅಂದ್ಕಂಡೆ. ಈಗೀಗ ನನ್ ಮೂಗು ಒಂದೂ ಏಳಕಿಲ್ಲ.”

ನಮ್ಮತ್ತೆ ತಪ್ಪಾಯಿತೆಂದು ಒಪ್ಪಿಕೊಂಡದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕೇಳಿದ್ದು ಅದೇ ಮೊದಲು. ಅದೂ ಅಷ್ಟು ಜನರ ಎದುರಿಗೆ. ಸಿಂಧು ಅಜ್ಜಿಯ ಹೆಗಲು ಮುಟ್ಟಿ, ಈಗ ಲೆಕ್ಕ ಸರಿಯಾಯಿತು ಎಂದಳು. ಆಮೇಲೆ ಕೆಲಸಕ್ಕೆ ತಿರುಗಿದಳು.

ನಾನಾಗಿದ್ದರೆ ಆ ಹೊತ್ತಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದೆ. ಶಿವಲಿಂಗು ಆಲೂಗಡ್ಡೆ ಹಾಕೋಣವೇ, ಹಿಟ್ಟಿನ ಉಂಡೆ ಹಾಕೋಣವೇ ಎಂದು ಯಾರೋ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಸಿಂಧು ಉಪ್ಪಾದ ಕೊಪ್ಪರಿಗೆಯಿಂದ ಹತ್ತಿರ ಹತ್ತಿರ ಅರ್ಧದಷ್ಟು ರಸ ತೆಗೆಸಿದಳು. ಚೆಲ್ಲಲಿಲ್ಲ. ಕುಷ್ಕಾ ಅನ್ನಕ್ಕೆ ಇನ್ನೂ ಉಪ್ಪೂ ಬಿದ್ದಿರಲಿಲ್ಲ, ನೀರೂ ಬಿದ್ದಿರಲಿಲ್ಲ. ಆ ರಸಕ್ಕೆ ಬಿಸಿನೀರು ಬೆರೆಸಿ, ಅಕ್ಕಿಯನ್ನು ಅದರಲ್ಲೇ ಬೇಯಲು ಬಿಟ್ಟಳು. ಅರೆಯುವವರಿಗೆ ತೆಂಗಿನಕಾಯಿ, ಕೊತ್ತಂಬರಿ, ಗಸಗಸೆ ಕೊಟ್ಟು ಉಪ್ಪಿಲ್ಲದ ಹೊಸ ಮಸಾಲೆ ಅರೆಸಿ, ಬಿಸಿನೀರಿನೊಂದಿಗೆ ಕೊಪ್ಪರಿಗೆಗೆ ಸೇರಿಸಿದಳು. ಆಚೆಯ ಕೊಪ್ಪರಿಗೆಯಿಂದ ನಾಲ್ಕು ಬಕೆಟ್ ಸಾರು ಈಚೆಗೆ, ಈಚೆಯದು ಆಚೆಗೆ ಹಾಕಿಸಿ ಎರಡನ್ನೂ ಒಂದೇ ಹದಕ್ಕೆ ತಂದಳು. ಐದು ನಿಮಿಷಕ್ಕೊಮ್ಮೆ ರುಚಿ ನೋಡುತ್ತಿದ್ದಳು. ಚಮಚ ಬಾಯಿಗೆ, ಚಮಚ ನೀರಿಗೆ, ಮತ್ತೊಂದು ಚಮಚ. ಆ ಕೈಯ ಓಡಾಟ ನೋಡುತ್ತಾ ನನಗೆ ಭಯವೇ ಮರೆತುಹೋಯಿತು. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಆದರೆ ಈ ವಿದ್ಯೆ ನನ್ನದಲ್ಲ. ಇವಳೇ ಹೋಗಿ, ಈರುಳ್ಳಿ ಹೆಚ್ಚಿ ಹೆಚ್ಚಿ, ಸಂಪಾದಿಸಿಕೊಂಡು ಬಂದದ್ದು.

ಎಡೆಗೆ ಹೋದ ಸಾರು ಮಾತ್ರ ಉಪ್ಪುಪ್ಪಾಗಿಯೇ ಹೋಗಿಬಿಟ್ಟಿತ್ತು. ನನಗೆ ನೆನಪಾಗಿ ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿದರು.

“ನಿಮ್ಮಾವ ಬದುಕಿದ್ದಾಗ್ಲೂ ನಾನು ಏನಿಕ್ಕಿದ್ರೂ ಉಂಡೋರು. ಈಗೇನಂದಾರು ಬುಡು” ಎಂದರು.

ಬೀಗರು ಬಂದರು. ಕೂತರು. ಮುದ್ದೆ ಬಂತು, ಸಾರು ಬಂತು. ಮೀಸೆ ತೀಡುವವರು ಮೊದಲ ತುತ್ತು ನುಂಗಿದರು. ನಾನು ಚಪ್ಪರದ ಬಿದಿರನ್ನು ಹಿಡಿದು ನಿಂತಿದ್ದೆ. ನಮ್ಮ ಸೀಮೆಯವರು ಊಟ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ಜನವಲ್ಲ. ಚೆನ್ನಾಗಿದ್ದರೆ ಮಾತು ನಿಲ್ಲುತ್ತದೆ, ಅಷ್ಟೆ. ಮೊದಲ ಪಂಕ್ತಿಯಲ್ಲಿ ಮಾತು ನಿಂತಿತು. ಎಲೆಗಳ ಮೇಲೆ ಕೈಯಾಡುವ ಸದ್ದು, ಬಡಿಸುವವರ ಕಾಲಿನ ಸದ್ದು, ಇಷ್ಟೇ. ಹೆಣ್ಣಿನ ಸೋದರಮಾವ ಎರಡನೆಯ ಮುದ್ದೆ ಹಾಕಿಸಿಕೊಂಡರು. ಮೂರನೆಯದಕ್ಕೂ ಕೈ ಅಡ್ಡ ತರಲಿಲ್ಲ. ಕುಷ್ಕಾ ಬಂದಾಗ, ಇದು ಎಂಥಾ ಅನ್ನವೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಅದರಲ್ಲಿ ನನ್ನ ಎರಡು ಬೊಗಸೆ ಮತ್ತು ಅತ್ತೆಯ ಎರಡು ಹಿಡಿ ಇದೆಯೆಂದು ಅವರಿಗೆ ಇಂದಿಗೂ ಗೊತ್ತಿಲ್ಲ.

ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಯವರಿಗೆ ಮರ್ಯಾದೆ ಮಾಡುವುದು ನಮ್ಮಲ್ಲಿ ಪದ್ಧತಿ. ಎರಡೂ ಕಡೆಯ ಹಿರಿಯರ ಎದುರು ಎಲೆ ಅಡಿಕೆ, ಬಾಳೆಹಣ್ಣು, ಒಂದು ಜೊತೆ ಪಂಚೆ, ಟವಲು ತಟ್ಟೆಯಲ್ಲಿಟ್ಟು ಮುಖ್ಯ ಅಡುಗೆಯವರ ಕೈಗೆ ಕೊಡಬೇಕು. ಶಿವಲಿಂಗು ತಟ್ಟೆ ಹಿಡಿದುಕೊಂಡು ಬಂದ. ಬಂದವನು ಅರ್ಧ ದಾರಿಯಲ್ಲಿ ನಿಂತ. ಪಂಚೆಯನ್ನು ತಿಂಗಳ ಹಿಂದೆಯೇ, ಕೈ ಮುರಿದುಕೊಂಡ ಆ ಅಡುಗೆಯವರನ್ನು ನೆನೆದು ತಂದಿಟ್ಟಿದ್ದರು. ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನು ತಟ್ಟೆಯನ್ನು ನೋಡಿದ, ಸಿಂಧುವನ್ನು ನೋಡಿದ. ಅವನ ಹೆಂಡತಿ ಸೀರೆ ತರುತ್ತೇನೆಂದು ಒಳಗೆ ಓಡಿದಳು. ಬೀಗರ ಕಡೆಯವರು ಟವಲಿನಿಂದ ಬಾಯಿ ಮುಚ್ಚಿಕೊಂಡು ನಗಲು ಸಿದ್ಧರಾಗಿದ್ದರು.

“ಏನ್ಲಾ ನಿಂತ್ಕಂಡೆ?” ಎಂದರು ಅತ್ತೆ, ಕುರ್ಚಿಯಿಂದಲೇ. “ಅಡ್ಗೆ ಮಾಡ್ದೋರ್ಗೆ ಪಂಚೆ ಕೊಡದು ಪದ್ಧತಿ. ಅಡ್ಗೆ ಮಾಡ್ದೋಳು ಅವ್ಳು. ಕೊಡು ಕಣ್ಲಾ.”

ಶಿವಲಿಂಗು ತಟ್ಟೆ ಕೊಟ್ಟ. ಸಿಂಧು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಟವಲನ್ನು ಹೆಗಲಿಗೆ ಹಾಕಿಕೊಂಡಳು. ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಪಾತ್ರೆ ತೊಳೆಯುವವರಿಗೆ ಊಟ ಆಯಿತೇ ಎಂದು ನೋಡಲು ಹೋದಳು. ನಗಲು ಸಿದ್ಧರಾಗಿದ್ದವರಲ್ಲಿ ಯಾರೂ ನಗಲಿಲ್ಲ. ದಪ್ಪ ಮೀಸೆಯ ಮುದ್ದೆಯವರು ತಮ್ಮ ಟವಲನ್ನೂ ಸರಿಮಾಡಿಕೊಂಡು ಅವಳ ಹಿಂದೆ ನಡೆದರು.

ಮೊನ್ನೆ ಶ್ರಾವಣದಲ್ಲಿ ಆ ಸೋದರಮಾವನವರೇ ಫೋನು ಮಾಡಿದ್ದರು. ಅವರ ಮಗನ ಮದುವೆ ಗೊತ್ತಾಗಿದೆ, ಬೀಗರೂಟಕ್ಕೆ ಸಿಂಧುವೇ ಬರಬೇಕು, ಅವಳು ಹೇಳಿದ ದಿನವೇ ಇಟ್ಟುಕೊಳ್ಳುತ್ತಾರಂತೆ. ನಾನು ಹೋಟೆಲಿನ ರಜೆಯ ದಿನ ನೋಡಿ ಹೇಳುತ್ತೇನೆ ಎಂದೆ. ಅವರು ಫೋನು ಇಡಲಿಲ್ಲ. ಸ್ವಲ್ಪ ತಡವರಿಸಿ, “ಅಲ್ಲ ಕಣಮ್ಮ, ಉಡುಗೊರೆ ಇವತ್ತೇ ತಂದುಬುಡವಾ ಅಂತ ಪ್ಯಾಟೆಗೆ ಬಂದಿವ್ನಿ. ಅಂಗ್ಡಿಯೋನು ಸೀರೆ ತೋರುಸ್ತಾವ್ನೆ. ಸೀರೆ ತಗಳದಾ, ಪಂಚೆ ತಗಳದಾ?” ಎಂದರು.

ಸಿಂಧು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ಫೋನನ್ನು ಅವಳತ್ತ ಚಾಚಿದೆ.

“ಪಂಚೆನೇ ತಗಳಿ ಮಾವ,” ಎಂದಳು, “ಅಗಲ ಅಂಚಿಂದು.”